ಲೂಪಸ್ ಇದ್ದವರ ಮೈಮೇಲೆ ನೀರುಗುಳ್ಳೆ ಎದ್ದರೆ: ಮೊದಲ ದಿನದಿಂದ ಮಾಡಬೇಕಾದ ಕೆಲಸ

ದಾವಣಗೆರೆಯ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ಬಹಳ ವರ್ಷ ನಿಂತವನು ನಾನು. ಲೂಪಸ್ ಬಗ್ಗೆ ಹಿಂದೊಮ್ಮೆ ಬರೆದಿದ್ದೆ. ಆಮೇಲಿನಿಂದ ಜಗಳೂರು, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಓದುಗರು ತಿರುಗಿಸಿ ಮುರುಗಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಲೂಪಸ್‌ಗೆ ಮಾತ್ರೆ ನಡೆಯುತ್ತಿದೆ. ಈಗ ಮೈಮೇಲೆ ಸುಟ್ಟ ಹಾಗೆ ನೀರುಗುಳ್ಳೆ ಎದ್ದಿವೆ. ಏನು ಹಚ್ಚಬೇಕು?"

ಹಚ್ಚುವ ಮಾತು ಕೊನೆಗೆ ಬರಲಿ. ಎದ್ದಿರುವ ಗುಳ್ಳೆ ಯಾವ ಜಾತಿಯದು ಎಂದು ಮೊದಲು ಗೊತ್ತಾಗಬೇಕು. ಲೂಪಸ್ ಇದ್ದವರ ಮೈಮೇಲೆ ಏಳುವ ಗುಳ್ಳೆಗೆ ಐದಾರು ಕಾರಣಗಳಿವೆ. ಒಂದಕ್ಕೆ ಅಮೃತವಾದ ಔಷಧಿ ಇನ್ನೊಂದಕ್ಕೆ ವಿಷವಾಗಬಹುದು. ನಾನು ವೈದ್ಯನಲ್ಲ. ಚೀಟಿ ಬರೆಯುವ ಅಧಿಕಾರ ನನಗಿಲ್ಲ, ಈ ಲೇಖನಕ್ಕೂ ಇಲ್ಲ. ಯಾವ ಕ್ರಮದಲ್ಲಿ ಹೆಜ್ಜೆ ಇಡಬೇಕು, ಜನ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ಕಾಯಿಲೆಯ ಪರಿಚಯ

ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಮನೆಯವರನ್ನೇ ಕಳ್ಳರೆಂದು ಹಿಡಿದು ಹೊಡೆಯುವ ಕಾಯಿಲೆ ಲೂಪಸ್. 'ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್' ಎಂಬ ಪೂರ್ಣ ಹೆಸರಿನ ಮೊದಲಕ್ಷರ ಹಿಡಿದು ವೈದ್ಯರು ಎಸ್‌ಎಲ್‌ಇ ಎಂದು ಬರೆಯುತ್ತಾರೆ. ರೋಗಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು ಹರೆಯದಿಂದ ನಡುವಯಸ್ಸಿನೊಳಗಿನವರು. ಕೆನ್ನೆ ಮೇಲಿನ ಚಿಟ್ಟೆಯಾಕಾರದ ಕೆಂಪು, ಕೀಲುನೋವು, ಕೂದಲು ಉದುರುವುದು ಹಲವರಿಗೆ ಗೊತ್ತಿರುವ ಲಕ್ಷಣಗಳು. ನೀರುಗುಳ್ಳೆ ಅಪರೂಪ. ನೂರು ಲೂಪಸ್ ರೋಗಿಗಳಲ್ಲಿ ಐವರಿಗಿಂತ ಕಡಿಮೆ ಮಂದಿಗೆ ಬರುತ್ತದೆ. ಇದನ್ನು 'ಬುಲ್ಲಸ್ ಲೂಪಸ್' ಎನ್ನುತ್ತಾರೆ. ಬುಲ್ಲಾ ಎಂದರೆ ದೊಡ್ಡ ನೀರುಗುಳ್ಳೆ.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ಮನೆಯ ಕೌದಿಯನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಹಿಡಿದಿಟ್ಟಿರುವುದು ನಡುವಿನ ಹೊಲಿಗೆ. ನಮ್ಮ ಚರ್ಮಕ್ಕೂ ಮೇಲ್ಪದರ, ಒಳಪದರ ಇವೆ. ಅವೆರಡನ್ನು ಕಟ್ಟಿಹಾಕುವ ದಾರದ ಕೆಲಸವನ್ನು 'ಏಳನೆಯ ಬಗೆಯ ಕೊಲಾಜೆನ್' ಎಂಬ ಪ್ರೋಟೀನ್ ಮಾಡುತ್ತದೆ. ಬುಲ್ಲಸ್ ಲೂಪಸ್‌ನಲ್ಲಿ ದೇಹವೇ ಈ ದಾರದ ವಿರುದ್ಧ ಪ್ರತಿಕಾಯಗಳನ್ನು, ಎಂದರೆ ರೋಗಾಣುಗಳ ಮೇಲೆ ಬಿಡಬೇಕಾದ ಅಸ್ತ್ರಗಳನ್ನು, ತಯಾರಿಸುತ್ತದೆ. ಹೊಲಿಗೆ ಬಿಟ್ಟ ಜಾಗದಲ್ಲಿ ನೀರು ತುಂಬಿ ಚರ್ಮ ಉಬ್ಬುತ್ತದೆ. ಬಿರುಕು ಆಳದಲ್ಲಿರುವುದರಿಂದ ಗುಳ್ಳೆಯ ಮೇಲಿನ ಚಾವಣಿ ದಪ್ಪ. ಹಾಗಾಗಿ ಗುಳ್ಳೆ ಬಿಗಿಯಾಗಿರುತ್ತದೆ, ಬೇಗ ಒಡೆಯುವುದಿಲ್ಲ. ಮುಖ, ಕುತ್ತಿಗೆ, ತೋಳು, ಎದೆ, ಬೆನ್ನಿನ ಮೇಲ್ಭಾಗ, ಕೆಲವರಲ್ಲಿ ತುಟಿ ಮತ್ತು ಬಾಯಿಯ ಒಳಗೆ ಏಳುತ್ತದೆ. ಬಿಸಿಲು ಕಾಣದ ಜಾಗದಲ್ಲೂ ಏಳಬಹುದು.

ಹಂತ 1: ಇವತ್ತೇ ಓಡಬೇಕೋ, ನಾಳೆ ಹೋದರೂ ನಡೆದೀತೋ

ಕೆಳಗಿನ ಯಾವುದೇ ಒಂದು ಇದ್ದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಚರ್ಮ ಹಾಳೆ ಹಾಳೆಯಾಗಿ ಸುಲಿಯುತ್ತಿದೆ, ಅಥವಾ ಕಪ್ಪುಗೆಂಪಾಗಿ ಮುಟ್ಟಿದರೆ ಉರಿಯುತ್ತಿದೆ. ಗುಳ್ಳೆಯ ಜೊತೆ ಜ್ವರ ಇದೆ. ಕಣ್ಣು, ಬಾಯಿ, ಜನನಾಂಗ ಒಟ್ಟಿಗೆ ಹುಣ್ಣಾಗಿವೆ. ನೀರು ಕುಡಿಯಲೂ ಆಗುತ್ತಿಲ್ಲ. ಕಳೆದ ಒಂದೆರಡು ತಿಂಗಳಲ್ಲಿ ಹೊಸ ಮಾತ್ರೆ ಶುರುವಾಗಿದೆ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್ ಮತ್ತು ಸಲ್ಫಾ ಗುಂಪಿನ ಪ್ರತಿಜೀವಕಗಳ ಹೆಸರನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸ್ಟೀವನ್ಸ್-ಜಾನ್ಸನ್ ಎಂಬ ಔಷಧ ಪ್ರತಿಕ್ರಿಯೆ ಹೀಗೆಯೇ ಆರಂಭವಾಗುತ್ತದೆ, ಜೀವಕ್ಕೇ ಸಂಚಕಾರ ತರುತ್ತದೆ. ಔಷಧಿಯ ಕೈವಾಡವಿಲ್ಲದೆ ಲೂಪಸ್ ತಾನೇ ಉಲ್ಬಣಿಸಿ ಚರ್ಮ ಸುಲಿಯುವುದೂ ಉಂಟು. ಎರಡಕ್ಕೂ ಒಳರೋಗಿಯಾಗಿಯೇ ಚಿಕಿತ್ಸೆ ಆಗಬೇಕು.

ಇವು ಯಾವುವೂ ಇಲ್ಲದೆ ಬಿಗಿಯಾದ ಕೆಲವು ಗುಳ್ಳೆಗಳು ಮಾತ್ರ ಇದ್ದರೆ ಒಂದೆರಡು ದಿನದೊಳಗೆ ತಜ್ಞರನ್ನು ಕಾಣಿ. ವಾರದ ಮಾತು ಬೇಡ.

ಇನ್ನು ಗುಳ್ಳೆಯನ್ನು ನೋಡಿ ನಾವೇ ಹೆಸರಿಟ್ಟುಬಿಡುವ ಚಾಳಿ. ನಮ್ಮ ಕಡೆ ಮೂರು ತಪ್ಪುಗಳನ್ನು ಮತ್ತೆ ಮತ್ತೆ ನೋಡಿದ್ದೇನೆ.

ಒಂದು, "ಅಮ್ಮ ಆಗಿದೆ" ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಇರುವ ಮಾತ್ರೆಗಳನ್ನೂ ನಿಲ್ಲಿಸಿಬಿಡುವುದು. ಲೂಪಸ್‌ಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಕುಳಿತಲ್ಲೇ ಕುಸಿಯಬಹುದು. ನಿಜವಾಗಿ ಅಮ್ಮವೇ, ಅಂದರೆ ಸೀತಾಳೆ ಸಿಡುಬೇ ಆಗಿದ್ದರೂ ಲೂಪಸ್ ರೋಗಿಗೆ ಅದು ಮನೆಯಲ್ಲಿ ಕಾದು ನೋಡುವ ಕಾಯಿಲೆಯಲ್ಲ.

ಎರಡು, ಸರ್ಪಸುತ್ತು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಇದು ಜಾಸ್ತಿ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿ ಕಟ್ಟಿದಂತೆ ಸಣ್ಣ ಗುಳ್ಳೆಗಳ ಗೊಂಚಲು, ಅದಕ್ಕೂ ಮೊದಲೇ ಚುಚ್ಚುವ ನೋವು ಇದರ ಗುರುತು. ತಲೆ ಬಾಲ ಕೂಡಿದರೆ ಸಾವು ಎಂದು ಹೆದರಿ ಮಂತ್ರ ಹಾಕಿಸಿ ಕೆಮ್ಮಣ್ಣು ಬಳಿಸಿಕೊಂಡು ಬರುವವರು ಇಂದಿಗೂ ಇದ್ದಾರೆ. ಇದು ವೈರಸ್ಸಿನ ಕಾಯಿಲೆ. ಮಾತ್ರೆ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಫಲ. ಮಂತ್ರಕ್ಕೆ ಹೋಗಿಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ.

ಮೂರನೆಯದು ಸಣ್ಣದು. ಮಳೆಗಾಲದಲ್ಲಿ ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ದೀಪಕ್ಕೆ ಬರುವ ಪೆಡೆರಸ್ ಎಂಬ ಹುಳವನ್ನು ಮೈಮೇಲೆ ಉಜ್ಜಿಕೊಂಡರೆ ಗೀರು ಎಳೆದಂತೆ ಗುಳ್ಳೆ ಏಳುತ್ತದೆ. ಇದಕ್ಕೂ ಲೂಪಸ್‌ಗೂ ಸಂಬಂಧವಿಲ್ಲ.

ಹಂತ 2: ವೈದ್ಯರನ್ನು ಕಾಣುವವರೆಗೆ

ಗುಳ್ಳೆಯನ್ನು ಒಡೆಯಬೇಡಿ. ಒಡೆಯದ ಹೊಸ ಗುಳ್ಳೆಯೇ ವೈದ್ಯರಿಗೆ ಬೇಕಾದ ಸಾಕ್ಷಿ. ಅರಿಶಿನ, ಟೂತ್‌ಪೇಸ್ಟ್, ಎಕ್ಕದ ಹಾಲು, ಬೂದಿ ಯಾವುದೂ ಬೇಡ. ಮುಖ್ಯವಾಗಿ, ಔಷಧಿ ಅಂಗಡಿಯಲ್ಲಿ ಕೇಳಿ ತರುವ 'ಎಲ್ಲದಕ್ಕೂ ಒಂದೇ' ಮುಲಾಮು ಬೇಡ. ಸ್ಟೀರಾಯ್ಡ್, ಹುಳುಕಡ್ಡಿಯ ಔಷಧಿ, ಪ್ರತಿಜೀವಕ ಮೂರನ್ನೂ ಕಲಸಿದ ಆ ಟ್ಯೂಬ್‌ಗಳನ್ನು ಚೀಟಿ ಇಲ್ಲದೆ ಮಾರುವುದು ನಮ್ಮ ವೃತ್ತಿಯವರ ದೊಡ್ಡ ಪಾಪ. ಹಚ್ಚಿದರೆ ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಗುರುತು ಅಳಿಸಿಹೋಗುತ್ತದೆ, ಪರೀಕ್ಷಿಸುವವರಿಗೆ ದಾರಿ ತಪ್ಪುತ್ತದೆ.

ಬದಲಿಗೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ, ಅಳತೆ ಗೊತ್ತಾಗುತ್ತದೆ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಹೊಸದಾಗಿ ಎದ್ದ ಗುಳ್ಳೆಗಳನ್ನು ಎಣಿಸಿ ಹಳೆಯ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಬರೆಯಿರಿ. ಹಳೆಯ ಗುಳ್ಳೆ ಒಣಗಲು ದಿನ ಹಿಡಿಯುತ್ತದೆ, ಅದನ್ನು ನೋಡಿ ಚಿಕಿತ್ಸೆ ಫಲಿಸಿತೋ ಇಲ್ಲವೋ ಹೇಳಲಾಗದು. ಹೊಸದು ಏಳುವುದು ನಿಂತಿತೇ ಎಂಬುದೇ ಅಳತೆಗೋಲು. ಈ ಅಂಕಿ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಕಳೆದ ಮೂರು ತಿಂಗಳಲ್ಲಿ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ (ಸ್ಟ್ರಿಪ್‌ಗಳನ್ನು) ಒಂದು ಚೀಲಕ್ಕೆ ಹಾಕಿ. ನೋವಿನ ಮಾತ್ರೆ, ನಾಟಿ ಔಷಧಿಯ ಪುಡಿ, ಯಾರೋ ಕೊಟ್ಟ ಗುಳಿಗೆ ಕೂಡ. "ಬಿಳಿ ಮಾತ್ರೆ, ಸಣ್ಣದು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಹಂತ 3: ಯಾರನ್ನು ಕಾಣಬೇಕು

ಚರ್ಮರೋಗ ತಜ್ಞರನ್ನು. ಲೂಪಸ್ ನೋಡುತ್ತಿರುವ ರುಮಟಾಲಜಿಸ್ಟ್, ಎಂದರೆ ಕೀಲು ಮತ್ತು ಸ್ವಯಂನಿರೋಧಕ ಕಾಯಿಲೆಗಳ ತಜ್ಞ, ಅಥವಾ ಫಿಜಿಷಿಯನ್ ಇದ್ದರೆ ಅವರಿಗೂ ಅದೇ ದಿನ ತಿಳಿಸಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಸೇರಿದ ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಇವೆ. ವೈದ್ಯಕೀಯ ಕಾಲೇಜಿಗೆ ಹೋದರೆ ಒಂದು ಅನುಕೂಲ: ಚರ್ಮ, ಮೂತ್ರಪಿಂಡ, ಕಣ್ಣು, ಪ್ರಯೋಗಾಲಯ ಒಂದೇ ಆವರಣದಲ್ಲಿ ಸಿಗುತ್ತವೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ದಾಖಲಾಗಬೇಕಾಗಿ ಬಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕು. ಖಾಸಗಿ ಆಸ್ಪತ್ರೆಗೆ ಆ ಯೋಜನೆಯಡಿ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ವಿಚಾರವನ್ನು ಮೊದಲೇ ಕೇಳಿಕೊಳ್ಳಿ.

ಹಂತ 4: ಬಯಾಪ್ಸಿ, ಮತ್ತು ಎರಡು ಬಾಟಲಿಗಳ ಕಥೆ

ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಮನೆಯವರು ಅಳುವುದಕ್ಕೆ ಶುರು ಮಾಡುತ್ತಾರೆ. ಇಲ್ಲಿ ಅದರ ಅರ್ಥ, ಜಾಗವನ್ನು ಮರಗಟ್ಟಿಸಿ ಜೋಳದ ಕಾಳಿನಷ್ಟು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೆ. ಒಂದೆರಡು ಹೊಲಿಗೆ ಬೀಳಬಹುದು. ಅದೇ ದಿನ ಮನೆಗೆ ಬರಬಹುದು.

ಈ ಹಂತದಲ್ಲಿ ನಡೆಯುವ ತಪ್ಪು ರೋಗಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಸಾಮಾನ್ಯವಾಗಿ ಎರಡು ತುಣುಕು ಬೇಕು. ಮೊದಲನೆಯದನ್ನು ಹೊಸ ಗುಳ್ಳೆಯ ಅಂಚಿನಿಂದ ತೆಗೆದು ಫಾರ್ಮಲಿನ್ ದ್ರವದಲ್ಲಿ ಹಾಕುತ್ತಾರೆ. ಬಿರುಕು ಯಾವ ಪದರದಲ್ಲಿದೆ, ಅಲ್ಲಿ ಯಾವ ಜೀವಕೋಶ ಮುತ್ತಿಕೊಂಡಿವೆ ಎಂಬುದನ್ನು ಅದು ತೋರಿಸುತ್ತದೆ. ಬುಲ್ಲಸ್ ಲೂಪಸ್‌ನಲ್ಲಿ ಮೇಲ್ಪದರದ ಕೆಳಗೆ ಬಿರುಕು, ಅಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಜಾತ್ರೆ. ಎರಡನೆಯ ತುಣುಕನ್ನು ಗುಳ್ಳೆಯ ಪಕ್ಕದ, ನೋಡಲು ಸರಿಯಾಗಿಯೇ ಇರುವ ಚರ್ಮದಿಂದ ತೆಗೆಯಬೇಕು. ಇದು 'ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್' ಪರೀಕ್ಷೆಗೆ. ಹೊಳೆಯುವ ಬಣ್ಣ ಹಾಕಿ ಪ್ರತಿಕಾಯಗಳು ಎಲ್ಲಿ ಅಂಟಿಕೊಂಡಿವೆ ಎಂದು ಪತ್ತೆ ಹಚ್ಚುವ ವಿಧಾನ ಇದು. ಎರಡು ಪದರಗಳ ಗಡಿಯ ಉದ್ದಕ್ಕೂ ಹಸಿರು ಗೆರೆ ಹೊಳೆದರೆ ಉತ್ತರ ಸಿಕ್ಕಂತೆ.

ಈ ಎರಡನೆಯ ತುಣುಕನ್ನು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಿತು. ಅದಕ್ಕೆ ಮಿಷೆಲ್ ದ್ರವ ಎಂಬ ಬೇರೆಯೇ ದ್ರಾವಣ ಬೇಕು. ಪ್ರಯೋಗಾಲಯಕ್ಕೆ ಒಂದು ದಿನದೊಳಗೆ ತಲುಪುವಂತಿದ್ದರೆ ಸಲೈನ್ ನೀರಿನಲ್ಲೂ ಇಡಬಹುದು. ಈ ಪರೀಕ್ಷೆ ಎಲ್ಲ ಲ್ಯಾಬ್‌ಗಳಲ್ಲಿ ಆಗುವುದಿಲ್ಲ, ಮಾದರಿ ಬೇರೆ ಊರಿಗೆ ಹೋಗಬೇಕಾಗಬಹುದು. ಎಷ್ಟೋ ಸಲ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು "ಲ್ಯಾಬ್‌ಗೆ ಕೊಟ್ಟು ಬನ್ನಿ" ಎನ್ನುತ್ತಾರೆ. ಆಗ ಎರಡೂ ಬಾಟಲಿಗಳ ಮೇಲೆ ಹೆಸರು, ತಾರೀಖು, ದ್ರವದ ಹೆಸರು ಇದೆಯೇ ನೋಡಿಕೊಳ್ಳಿ. "ಎರಡನೆಯದು ಫಾರ್ಮಲಿನ್ ಅಲ್ಲ ತಾನೇ ಡಾಕ್ಟರೇ?" ಎಂದು ಕೇಳಲು ನಾಚಿಕೆ ಬೇಡ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಪೆಂಫಿಗಸ್, ಪೆಂಫಿಗಾಯ್ಡ್ ಎಂಬ ಬೇರೆ ಗುಳ್ಳೆ ಕಾಯಿಲೆಗಳನ್ನು ಇದರಿಂದ ಬೇರ್ಪಡಿಸಲು ಈ ಪರೀಕ್ಷೆಗಳೇ ಆಧಾರ. ಅವುಗಳ ಚಿಕಿತ್ಸೆಯ ದಾರಿ ಬೇರೆ.

ಜೊತೆಗೆ ಮೂತ್ರ ಪರೀಕ್ಷೆ. ಇದನ್ನು ಜನ ಸದರ ಮಾಡುತ್ತಾರೆ. "ತೊಂದರೆ ಚರ್ಮದ್ದು, ಮೂತ್ರ ಯಾಕೆ?" ಎಂದು ಡಬ್ಬಿಯನ್ನು ಖಾಲಿಯಾಗಿಯೇ ಹಿಂತಿರುಗಿಸಿದವರಿದ್ದಾರೆ. ಬುಲ್ಲಸ್ ಲೂಪಸ್ ಬರುವ ಹೊತ್ತಿಗೆ ಅನೇಕರಲ್ಲಿ ಒಳಗಿನ ಲೂಪಸ್ಸೂ ಎದ್ದಿರುತ್ತದೆ, ಮೂತ್ರಪಿಂಡಕ್ಕೆ ಕೈ ಹಾಕಿರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ರಕ್ತದೊತ್ತಡ, ರಕ್ತಕಣಗಳ ಎಣಿಕೆ ನೋಡಿಸಲೇಬೇಕು. ನೊರೆ ನೊರೆಯಾಗಿ ಮೂತ್ರ ಹೋಗುತ್ತಿದ್ದರೆ, ಬೆಳಿಗ್ಗೆ ಕಣ್ಣ ಸುತ್ತ ಊದುತ್ತಿದ್ದರೆ ನೀವಾಗಿಯೇ ಹೇಳಿ.

ಹಂತ 5: ಡ್ಯಾಪ್ಸೋನ್ ಎಂಬ ಹಳೆಯ ಗುಳಿಗೆ

ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಬುಲ್ಲಸ್ ಲೂಪಸ್ ಹಲವರಲ್ಲಿ ಪೂರ್ತಿ ಬಗ್ಗುವುದಿಲ್ಲ. ಇದಕ್ಕೆ ಮೊದಲ ಆಯ್ಕೆ ಡ್ಯಾಪ್ಸೋನ್. ಮಾತ್ರೆ ಅಗ್ಗ, ಹಳೆಯದು, ಒಗ್ಗಿದವರಲ್ಲಿ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಒಂದೆರಡು ದಿನದಲ್ಲೇ ಹೊಸ ಗುಳ್ಳೆ ಏಳುವುದು ನಿಲ್ಲಬಹುದು. ಕ್ಯಾಲೆಂಡರಿನ ಮೇಲೆ 11, 9, 12 ಎಂದು ಬರೆದುಕೊಂಡು ಬಂದವರು 4, 1, 0 ಎಂದು ಬರೆಯತೊಡಗುತ್ತಾರೆ.

ಇಲ್ಲೇ ಮೊದಲ ಮುಳ್ಳು. 1908ರಲ್ಲಿ ತಯಾರಾದ ಈ ರಾಸಾಯನಿಕ 1940ರ ದಶಕದಲ್ಲಿ ಕುಷ್ಠರೋಗಕ್ಕೆ ಔಷಧಿಯಾಯಿತು, ಇಂದಿಗೂ ಆ ಚಿಕಿತ್ಸೆಯಲ್ಲಿದೆ. ಮೊಬೈಲಿನಲ್ಲಿ ಹೆಸರು ಹುಡುಕಿದರೆ ಮೊದಲು ಕಾಣುವುದು ಅದೇ. ಒಮ್ಮೆ ಹರಿಹರದ ಕಡೆಯ ಹಿರಿಯ ಹೆಂಗಸೊಬ್ಬರು ಪಟ್ಟಿಯನ್ನು ಕೌಂಟರ್ ಮೇಲೆ ಕುಕ್ಕಿ, "ಏನಪ್ಪಾ, ನನ್ನ ಸೊಸೆಗೆ ಕುಷ್ಠದ ಗುಳಿಗೆ ಕೊಟ್ಟಿದ್ದೀಯಂತೆ?" ಎಂದರು. "ಅಮ್ಮಾ, ಗುದ್ದಲಿ ಒಂದೇ. ತೋಟಕ್ಕೂ ಅದೇ, ಪಾಯಕ್ಕೂ ಅದೇ" ಎಂದೆ. ನ್ಯೂಟ್ರೊಫಿಲ್ ಕಣಗಳ ಆರ್ಭಟವನ್ನು ತಗ್ಗಿಸುವ ಗುಣವೂ ಈ ಔಷಧಿಗಿದೆ, ಗುಳ್ಳೆಗೆ ಅದನ್ನು ಬಳಸುವುದು ಆ ಕಾರಣಕ್ಕೆ. ಸೊಸೆಗೆ ಕುಷ್ಠ ಇಲ್ಲ. ಇದ್ದಿದ್ದರೂ ಅದು ವಾಸಿಯಾಗುವ ಕಾಯಿಲೆ ಎಂದು ಸೇರಿಸಿದೆ. ಇನ್ನೊಂದು ಮಾತು: ಡ್ಯಾಪ್ಸೋನ್ ಅಂಗಡಿಯಲ್ಲಿ ಸಿಗಲಿಲ್ಲವೆಂದು ಕುಷ್ಠರೋಗಿಗಳಿಗೆ ಉಚಿತವಾಗಿ ಕೊಡುವ ಬಹುಔಷಧ ಪಟ್ಟಿಯನ್ನು ಯಾರಿಂದಲೋ ತಂದು ನುಂಗಬೇಡಿ. ಅದರಲ್ಲಿ ರಿಫಾಂಪಿಸಿನ್ ಇರುತ್ತದೆ, ಅದು ನಿಮ್ಮ ಸ್ಟೀರಾಯ್ಡ್‌ನ ಬಲವನ್ನು ಕುಗ್ಗಿಸುತ್ತದೆ.

ಗುಳಿಗೆ ಶುರು ಮಾಡುವ ಮುನ್ನ 'ಜಿ-6-ಪಿಡಿ' ರಕ್ತಪರೀಕ್ಷೆ ಆಗಿರಬೇಕು. ಇದು ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ. ಹುಟ್ಟಿನಿಂದಲೇ ಇದರ ಕೊರತೆ ಇರುವವರು ಡ್ಯಾಪ್ಸೋನ್ ನುಂಗಿದರೆ ಕಣಗಳು ಸಿಡಿದು ರಕ್ತ ಒಮ್ಮೆಲೇ ಇಳಿಯುತ್ತದೆ. ಗಂಡಸರಲ್ಲಿ ಕೊರತೆ ಹೆಚ್ಚು ಕಾಣುತ್ತದೆ, ಹೆಂಗಸರಲ್ಲೂ ಉಂಟು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಅಥವಾ ರಕ್ತಕಣ ಒಡೆಯುವ ತೊಂದರೆ ಈಗಷ್ಟೇ ಆಗಿದ್ದರೆ, ಕೊರತೆ ಇದ್ದರೂ ವರದಿ ಎಲ್ಲ ಸರಿಯಿದೆ ಎಂದು ಬರಬಹುದು. ವೈದ್ಯರಿಗೆ ಇದನ್ನು ನೆನಪಿಸಿ. ಸಲ್ಫಾ ಔಷಧಿಗೆ ಹಿಂದೆಂದಾದರೂ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ.

ಕಡಿಮೆ ಪ್ರಮಾಣದಿಂದ ಆರಂಭಿಸಿ ರಕ್ತಪರೀಕ್ಷೆ ನೋಡುತ್ತ ಏರಿಸುವುದು ರೂಢಿ. ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ, ಆಗಾಗ ಯಕೃತ್ತಿನ ಪರೀಕ್ಷೆ, ನಂತರ ಅಂತರ ಹೆಚ್ಚುತ್ತದೆ. ಗುಳ್ಳೆ ನಿಂತಿತಲ್ಲ ಎಂದು ಮೂರನೆಯ ವಾರದ ಪರೀಕ್ಷೆಗೆ ಚಕ್ಕರ್ ಹೊಡೆಯುವವರೇ ಹೆಚ್ಚು. ಅಪಾಯ ಇರುವುದು ಆ ವಾರಗಳಲ್ಲೇ.

ಕಣ್ಣಿಡಬೇಕಾದದ್ದು ಇಷ್ಟು:

ನಾಲ್ಕರಿಂದ ಆರನೆಯ ವಾರದ ಸುಮಾರಿಗೆ ಜ್ವರ, ಮೈತುಂಬ ದದ್ದು, ಕಣ್ಣು ಹಳದಿ, ಕುತ್ತಿಗೆಯಲ್ಲಿ ಗಂಟು ಕಂಡರೆ ಅದು ಡ್ಯಾಪ್ಸೋನ್ ಒಗ್ಗದಿರುವ ತೀವ್ರ ಪ್ರತಿಕ್ರಿಯೆ ಇರಬಹುದು. ಮುಂದಿನ ಗುಳಿಗೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರಕ್ಕೆಂದು ನನ್ನಂಥವರ ಅಂಗಡಿಗೆ ಬಂದು ಪ್ಯಾರಸಿಟಮಾಲ್ ಕೊಂಡು ವಾರ ತಳ್ಳಬೇಡಿ.

ಮೊದಲ ಮೂರು ತಿಂಗಳಲ್ಲಿ ಜ್ವರದ ಜೊತೆ ಗಂಟಲು ಹುಣ್ಣಾದರೆ ಬಿಳಿ ರಕ್ತಕಣ ಕುಸಿದಿರಬಹುದು. ಅದೇ ದಿನ ಎಣಿಕೆ ಮಾಡಿಸಿ.

ತುಟಿ, ಉಗುರು ನೀಲಿಯಾಗುವುದು, ಏದುಸಿರು, ತಲೆನೋವು. ಡ್ಯಾಪ್ಸೋನ್‌ನಿಂದ ರಕ್ತದ ಹಿಮೋಗ್ಲೋಬಿನ್ ಸ್ವಲ್ಪ ಭಾಗ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಾಕಿದರೆ ಅಂಕಿ ಕಡಿಮೆ ತೋರಿಸಬಹುದು. ಗಾಬರಿಯೂ ಬೇಡ, ಉಪೇಕ್ಷೆಯೂ ಬೇಡ. ಅಂಕಿಯನ್ನು ವೈದ್ಯರಿಗೆ ಫೋನಿನಲ್ಲಿ ತಿಳಿಸಿ, ಏದುಸಿರಿದ್ದರೆ ನೇರ ಆಸ್ಪತ್ರೆ.

ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಇಳಿಯುವುದು ಅನೇಕರಲ್ಲಿ ಕಾಣುವಂಥದ್ದು. ಅದಕ್ಕಿಂತ ಹೆಚ್ಚು ಇಳಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ವಿಶೇಷ ಸೂಚನೆ. ಮೂರು ತಿಂಗಳ ಸರಾಸರಿ ಎಂದು ನೋಡುವ ಎಚ್‌ಬಿಎ1ಸಿ ಪರೀಕ್ಷೆ ಡ್ಯಾಪ್ಸೋನ್ ನುಂಗುವವರಲ್ಲಿ ಸುಳ್ಳು ಹೇಳುತ್ತದೆ. ಕೆಂಪುಕಣಗಳ ಆಯಸ್ಸು ಕಡಿಮೆಯಾಗುವುದರಿಂದ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಅತ್ತ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತಿರುತ್ತದೆ. ವರದಿ ನೋಡಿ ಸಂತೋಷಪಟ್ಟು ಮಾತ್ರೆ ಕಡಿಮೆ ಮಾಡಿಕೊಂಡರೆ ಕೆಟ್ಟಿರಿ. ಖಾಲಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನೇ ನಂಬಿ.

ಹಂತ 6: ಜೊತೆಗೆ ಬರುವ ಮಾತ್ರೆಗಳು

ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ರೋಗಿಗಳ ನಿತ್ಯದ ಅನ್ನ. 2020ರಲ್ಲಿ ಕೊರೊನಾಕ್ಕೆ ಇದೇ ಮದ್ದು ಎಂಬ ಸುದ್ದಿ ಹಬ್ಬಿ, ನಿಜವಾಗಿ ಬೇಕಾದವರಿಗೇ ಇದು ಸಿಗದೆ ಪರದಾಡಿದ್ದನ್ನು ಮರೆಯಲಾರೆ. ಗುಳ್ಳೆ ಎದ್ದಿತೆಂದು ಇದನ್ನು ನೀವಾಗಿಯೇ ಬಿಡಬೇಡಿ. ಪ್ರಮಾಣ ದಿನಕ್ಕೆ ಮೈತೂಕದ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ನೋಡುತ್ತಾರೆ. ಶುರುವಿನಲ್ಲಿ ಒಮ್ಮೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಪರೀಕ್ಷೆ ಮಾಡಿಸಿ.

ಪ್ರೆಡ್ನಿಸೋಲೋನ್ ಸ್ಟೀರಾಯ್ಡ್ ಅನ್ನು ಬೆಳಿಗ್ಗೆ ತಿಂಡಿಯ ಮೇಲೆ. ಇಳಿಸುವುದು ವೈದ್ಯರ ಲೆಕ್ಕದಂತೆ ಮೆಟ್ಟಿಲು ಮೆಟ್ಟಿಲಾಗಿ. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೊಲೇಟ್ ಬರಬಹುದು. ಯಾವುದಕ್ಕೂ ಬಗ್ಗದಿದ್ದರೆ ರಿಟುಕ್ಸಿಮ್ಯಾಬ್ ಎಂಬ ಡ್ರಿಪ್ ಚುಚ್ಚುಮದ್ದು ಇದೆ. ಅದೇ ಗುಂಪಿನ ಅಜಾಥಿಯೋಪ್ರಿನ್ ನುಂಗುವವರು ಅಲೋಪ್ಯೂರಿನಾಲ್‌ನಂಥ ಯೂರಿಕ್ ಆಮ್ಲದ ಮಾತ್ರೆಯನ್ನು ಹೇಳದೆ ಕೇಳದೆ ಸೇರಿಸಿಕೊಳ್ಳಬಾರದು.

ಮೆಥೊಟ್ರೆಕ್ಸೇಟ್ ಬರೆದಿದ್ದರೆ ಎರಡು ಸಲ ಓದಿ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನವೂ ನುಂಗಿ, ಬಾಯಿಯೆಲ್ಲ ಹುಣ್ಣಾಗಿ, ಚರ್ಮ ಕಿತ್ತುಬಂದು, ರಕ್ತಕಣ ಕುಸಿದು ಐಸಿಯು ಸೇರುವವರಿದ್ದಾರೆ. ಅಂಥ ಹುಣ್ಣನ್ನು ಲೂಪಸ್ಸಿನ ಗುಳ್ಳೆ ಎಂದುಕೊಂಡು ಇನ್ನಷ್ಟು ಮಾತ್ರೆ ನುಂಗಿದರೆ ಮುಗಿಯಿತು ಕಥೆ. ಪಟ್ಟಿಯ ಹಿಂದೆ ಬಾಲ್‌ಪೆನ್ನಿನಿಂದ 'ಸೋಮವಾರ ಮಾತ್ರ' ಎಂದು ದಪ್ಪಕ್ಷರದಲ್ಲಿ ಬರೆದುಕೊಡುವುದು ನನ್ನ ಅಭ್ಯಾಸವಾಗಿತ್ತು. ನಿಮ್ಮ ಅಂಗಡಿಯವರು ಬರೆಯದಿದ್ದರೆ ನೀವೇ ಬರೆದುಕೊಳ್ಳಿ.

ಮಗು ಬೇಕೆಂದಿರುವವರು, ಬಸುರಿಯರು, ಹಾಲೂಡಿಸುವವರು ಚೀಟಿ ಬರೆಯುವ ಮೊದಲೇ ಹೇಳಬೇಕು. ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್ ಎರಡೂ ಗರ್ಭದ ಮಗುವಿಗೆ ಹಾನಿಕರ. ಅತ್ತೆಯ ಮುಂದೆ ಹೇಳಲು ಸಂಕೋಚವಾದರೆ ವೈದ್ಯರನ್ನು ಒಬ್ಬರೇ ಕಾಣಲು ಕೇಳಿ.

ಹಂತ 7: ಗಾಯದ ಆರೈಕೆ

ಏನು ಹಚ್ಚಬೇಕು ಎಂಬುದಕ್ಕೆ ಈಗ ಬಂದೆವು. ಉತ್ತರ ಸಪ್ಪೆ: ಬಿಳಿ ಪೆಟ್ರೋಲಿಯಂ ಜೆಲ್ಲಿ, ಮತ್ತು ವೈದ್ಯರು ಬರೆದದ್ದು.

ಸಣ್ಣ ಗುಳ್ಳೆ ತಾನೇ ಒಣಗಲಿ. ನೋಯುವಷ್ಟು ದೊಡ್ಡದಾದರೆ ಆಸ್ಪತ್ರೆಯಲ್ಲಿ ಶುದ್ಧ ಸೂಜಿಯಿಂದ ನೀರು ಮಾತ್ರ ತೆಗೆದು ಮೇಲಿನ ಚರ್ಮವನ್ನು ಹಾಗೆಯೇ ಬಿಡುತ್ತಾರೆ. ಆ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಇಲ್ಲ. ಕತ್ತರಿಸಬೇಡಿ. ಒಡೆದ ಜಾಗವನ್ನು ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ, ಅಂಟದ ಜೆಲ್ಲಿ ಗಾಜ್ ಇಡಿ, ಮೇಲೆ ಸಡಿಲವಾಗಿ ಸುತ್ತಿ. ನಮ್ಮದು ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು, ಆದರೂ ಹೇಳುತ್ತೇನೆ: ಹಸಿ ಗಾಯದ ಮೇಲೆ ಹತ್ತಿ ಇಡಬೇಡಿ. ಎಳೆಗಳು ಅಂಟಿ, ಕೀಳುವಾಗ ಹೊಸ ಚರ್ಮವೂ ಬರುತ್ತದೆ. ಅಂಟಿಕೊಂಡ ಪಟ್ಟಿಯನ್ನು ಎಳೆಯದೆ ಐದು ನಿಮಿಷ ಸಲೈನ್‌ನಿಂದ ನೆನೆಸಿ. ಅಂಟು ಪ್ಲಾಸ್ಟರನ್ನು ನೇರ ಚರ್ಮದ ಮೇಲೆ ಹಾಕಬೇಡಿ. ಮಲಗಲು ಒಗೆದು ಇಸ್ತ್ರಿ ಮಾಡಿದ ಹಳೆಯ ಪಂಚೆ ಹಾಸಿಕೊಳ್ಳಿ.

ಕೀವು, ಹಳದಿ ಹೊಪ್ಪಳಿಕೆ, ಸುತ್ತ ಬಿಸಿ ಕೆಂಪು, ವಾಸನೆ ಬಂದರೆ ಸೋಂಕು ತಗುಲಿದೆ. ಪ್ರತಿಜೀವಕ ಬೇಕಾಗುತ್ತದೆ, ಆದರೆ ಚೀಟಿ ಬರೆಸಿಕೊಳ್ಳುವಾಗ ಲೂಪಸ್ ಇದೆ ಎಂದು ಹೇಳಲು ಮರೆಯಬೇಡಿ. ಕೋಟ್ರೈಮಾಕ್ಸಜೋಲ್‌ನಂಥ ಸಲ್ಫಾ ಪ್ರತಿಜೀವಕಗಳಿಂದ ಲೂಪಸ್ ಕೆರಳಬಹುದು.

ಬಾಯಿ ಹುಣ್ಣಾಗಿದ್ದರೆ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿಗೆ ಸದ್ಯಕ್ಕೆ ಕೈಮುಗಿಯಿರಿ. ದಾವಣಗೆರೆಯವರಿಗೆ ಇದು ಕಠಿಣ ಶಿಕ್ಷೆ ಎಂದು ಗೊತ್ತು. ಖಾರ ಬಿಡಿ, ಮಂಡಕ್ಕಿಯ ಅಂಚೂ ಕೊರೆಯುತ್ತದೆ. ಆರಿದ ರಾಗಿ ಗಂಜಿ, ಮಜ್ಜಿಗೆ ಅನ್ನ, ಮೆತ್ತಗಿನ ಇಡ್ಲಿ ಸಾಕು.

ಗುಳ್ಳೆ ಒಣಗಿದ ಜಾಗದಲ್ಲಿ ಕಪ್ಪು ಅಥವಾ ಬಿಳಿ ಕಲೆ ಉಳಿಯುತ್ತದೆ. ಹೆಚ್ಚಿನವರಲ್ಲಿ ಗಾಯದ ಗುರುತು ಆಳವಾಗಿ ಉಳಿಯುವುದಿಲ್ಲ. ಬಿಳಿ ಕಲೆಯನ್ನು ತೊನ್ನು ಎಂದು ಹೆದರಿ ಇನ್ನೊಬ್ಬ ಪಂಡಿತರ ಬಳಿ ಓಡುವ ಅಗತ್ಯವಿಲ್ಲ. ಕಾಯಿಲೆ ಮುಟ್ಟಿದರೆ ಅಂಟುವುದೂ ಇಲ್ಲ. ತಟ್ಟೆ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ.

ಹಂತ 8: ಬಿಸಿಲು

ಲೂಪಸ್‌ಗೆ ಬಿಸಿಲಿನ ನೇರಳಾತೀತ ಕಿರಣ ಕಿಡಿಯಿದ್ದಂತೆ. ಚಳ್ಳಕೆರೆ, ಹಿರಿಯೂರಿನ ಶೇಂಗಾ ಹೊಲದಲ್ಲಿ ಕಳೆ ಕೀಳುವವರಿಗೆ "ಹತ್ತರಿಂದ ನಾಲ್ಕರವರೆಗೆ ಹೊರಗೆ ಹೋಗಬೇಡಿ" ಎಂದು ಬರೆಯುವುದು ಸುಲಭ, ಅವರ ಹೊಟ್ಟೆ ನನ್ನ ಬರಹದಿಂದ ತುಂಬುವುದಿಲ್ಲ. ಆದ್ದರಿಂದ ಆದಷ್ಟು: ಬೆಳಿಗ್ಗೆ ಬೇಗ ಹೋಗಿ ಹತ್ತರೊಳಗೆ ಬನ್ನಿ, ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಿ. ತುಂಬುತೋಳಿನ ಒತ್ತಾದ ನೇಯ್ಗೆಯ ಅಂಗಿ ಹಾಕಿ. ತಲೆಗೆ ಕಟ್ಟಿದ ಟವೆಲ್ ಕೆನ್ನೆ, ಮೂಗನ್ನು ಕಾಯುವುದಿಲ್ಲ. ಅಗಲ ಅಂಚಿನ ಟೋಪಿ ಬೇಕು. ನೀರು ನಿಂತ ಗದ್ದೆಯಿಂದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ, ಮೋಡ ಕವಿದ ದಿನವೂ ಕಿರಣ ಇಳಿಯುತ್ತದೆ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ 50 ಇರಲಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದದಷ್ಟು ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತಿಂಗಳಿಗೆ ಒಂದು ಸಣ್ಣ ಟ್ಯೂಬ್ ಮುಗಿಯದಿದ್ದರೆ ನೀವು ಹಚ್ಚುತ್ತಿರುವುದು ಕಡಿಮೆ. ಹಸಿ ಗಾಯದ ಮೇಲೆ ಹಚ್ಚಬೇಡಿ, ಅಲ್ಲಿ ಬಟ್ಟೆಯೇ ಸಾಕು.

ಬಸ್ಸಿನ ಕಿಟಕಿ ಗಾಜು ಎಲ್ಲ ಕಿರಣಗಳನ್ನೂ ತಡೆಯುವುದಿಲ್ಲ. ದಾವಣಗೆರೆ ಅಥವಾ ಚಿತ್ರದುರ್ಗದಿಂದ ತಪಾಸಣೆಗೆ ಬೆಂಗಳೂರಿಗೆ ಹೋಗುವವರು ಬೆಳಗಿನ ಬಸ್ಸಿನಲ್ಲಿ ಬಲಬದಿಯ ಸೀಟು, ಮಧ್ಯಾಹ್ನದ ಬಸ್ಸಿನಲ್ಲಿ ಎಡಬದಿಯ ಸೀಟು ಕೇಳಿ. ಬರುವಾಗ ಇದರ ತದ್ವಿರುದ್ಧ.

ಹಂತ 9: ಎಷ್ಟು ದಿನ

ಅನೇಕರಲ್ಲಿ ಕೆಲವು ತಿಂಗಳಲ್ಲಿ ಗುಳ್ಳೆಯ ಕಾಟ ತಣ್ಣಗಾಗುತ್ತದೆ, ಆಗ ವೈದ್ಯರು ಡ್ಯಾಪ್ಸೋನ್ ಇಳಿಸುತ್ತ ಬರುತ್ತಾರೆ. ಇಳಿಸುವಾಗ ಮತ್ತೆ ಎಣಿಕೆ ಶುರು ಮಾಡಿ. ಒಂದೆರಡು ಹೊಸ ಗುಳ್ಳೆ ಕಂಡರೂ ಹೇಳಿ, ಹಿಂದಿನ ಪ್ರಮಾಣಕ್ಕೆ ಮರಳಬೇಕಾಗಬಹುದು. ಗುಳ್ಳೆ ಹೋದರೂ ಲೂಪಸ್ ಹೋಗಿರುವುದಿಲ್ಲ. ಮೂತ್ರ ಪರೀಕ್ಷೆ ಮುಂದುವರಿಯಬೇಕು.

ಬಯಾಪ್ಸಿಯ ಎರಡೂ ವರದಿಗಳನ್ನು, ಜಿ-6-ಪಿಡಿ ವರದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿಡಿ. ಲ್ಯಾಬ್‌ನ ಕೆಲವು ಕಾಗದಗಳ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ, ಮತ್ತೊಮ್ಮೆ ಚರ್ಮ ಕೊಯ್ಯಿಸಿಕೊಳ್ಳುವುದು ಯಾರಿಗೂ ಬೇಡ.